ಬಣ್ಣ ಹಾಕದೇ ಗೆಡ್ಡೆ ತೋರಿಸುವ ನಿಯೋ ಮೈಕ್ರೋಸ್ಕೋಪ್: ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ

ಮೆದುಳಿನ ಗೆಡ್ಡೆಯ ಆಪರೇಷನ್ ನಡೆಯುವಾಗ ಒಂದು ಚೂರು ತೆಗೆದು ಫ್ರೋಜನ್ ಸೆಕ್ಷನ್‌ಗೆ (ಹೆಪ್ಪುಗಟ್ಟಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ನೋಡುವ ಪರೀಕ್ಷೆ) ಕಳಿಸಿದರೆ ಉತ್ತರ ಬರಲು 20-30 ನಿಮಿಷ ಬೇಕು. ಅಷ್ಟು ಹೊತ್ತೂ ಬುರುಡೆ ತೆರೆದೇ ಇರುತ್ತದೆ, ಅನಸ್ತೇಶಿಯಾ ನಡೆಯುತ್ತಲೇ ಇರುತ್ತದೆ, ಓಟಿಯಿಂದ ಲ್ಯಾಬಿಗೆ "ಏನಾಯ್ತು, ಏನಾಯ್ತು" ಅಂತ ಫೋನ್ ಬರುತ್ತಲೇ ಇರುತ್ತದೆ. ಆ ಫೋನ್ ಎತ್ತುವವನು ನಾನು. ಅಮೆರಿಕದ ಒಂದು ಆಸ್ಪತ್ರೆಯ ಪ್ಯಾಥಾಲಜಿ ಲ್ಯಾಬಿನಲ್ಲಿ ಕೆಲಸ. ಈ ಕಾಯುವಿಕೆಯನ್ನು ಕಮ್ಮಿ ಮಾಡುತ್ತೇನೆ ಅಂತ ಬಂದಿರುವ ಯಂತ್ರವೇ ಕ್ಯಾಲಿಫೋರ್ನಿಯಾದ ಇನ್ವೆನಿಯೋ ಇಮೇಜಿಂಗ್ ಕಂಪನಿಯ ನಿಯೋ ಲೇಸರ್ ಇಮೇಜಿಂಗ್ ಸಿಸ್ಟಮ್.

ಕೆಲಸ ಸುಲಭ. ಸರ್ಜನ್ ಕೊಟ್ಟ ಕೆಲವೇ ಮಿಲಿಮೀಟರ್ ಚೂರನ್ನು ಅವರದೇ ಪ್ಲಾಸ್ಟಿಕ್ ಸ್ಲೈಡಿನಲ್ಲಿಟ್ಟು, ಮೆಲ್ಲಗೆ ಒತ್ತಿ, ಯಂತ್ರದೊಳಗೆ ತಳ್ಳಿದರೆ ಆಯಿತು. ಹೆಪ್ಪುಗಟ್ಟಿಸುವುದಿಲ್ಲ, ಕತ್ತರಿಸುವುದಿಲ್ಲ, ಬಣ್ಣವೂ ಬೇಡ. ಒಳಗೆ ಎರಡು ಲೇಸರ್ ಕಿರಣಗಳು ಒಟ್ಟಿಗೆ ಬೀಳುತ್ತವೆ. ಅವುಗಳ ಆವರ್ತನದ ವ್ಯತ್ಯಾಸ ಯಾವುದೋ ಅಣುವಿನ ಕಂಪನಕ್ಕೆ ಸರಿಹೊಂದಿದರೆ ಅಲ್ಲಿ ಸಿಗ್ನಲ್ ಬರುತ್ತದೆ. ಆ ವ್ಯತ್ಯಾಸ 2845 (cm⁻¹ ಅನ್ನುವ ಅಳತೆಯಲ್ಲಿ) ಇದ್ದಾಗ ಕೊಬ್ಬು ಕಾಣುತ್ತದೆ, 2930ರಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ. ಮೆದುಳಿನ ಬಿಳಿ ಭಾಗದಲ್ಲಿ ಕೊಬ್ಬು ತುಂಬಿರುತ್ತದೆ, ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಅದು ಕಮ್ಮಿ. ಈ ವ್ಯತ್ಯಾಸದಿಂದಲೇ ಚಿತ್ರ ಮೂಡುತ್ತದೆ. ಆಮೇಲೆ ಕಂಪ್ಯೂಟರ್ ಅದಕ್ಕೆ ನಮಗೆ ರೂಢಿಯಾದ ನೇರಳೆ-ಗುಲಾಬಿ ಬಣ್ಣ ಕೊಡುತ್ತದೆ. ಮೂಲದಲ್ಲಿ ಇದು 1928ರ ರಾಮನ್ ಪರಿಣಾಮವೇ. ಕೋಲ್ಕತ್ತಾದಲ್ಲಿ ಕಂಡುಹಿಡಿದು, ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರಲ್ಲ, ಅದೇ ಸಿ.ವಿ. ರಾಮನ್. ಮಾಮೂಲಿ ರಾಮನ್ ಸಿಗ್ನಲ್ ತೀರಾ ಕ್ಷೀಣ. ಎರಡನೇ ಲೇಸರ್ ಸೇರಿಸಿ ಅದನ್ನು ಜೋರು ಮಾಡಿ, ಜೀವಕೋಶಗಳ ಚಿತ್ರ ತೆಗೆಯುವ ದಾರಿಯನ್ನು 2008ರಲ್ಲಿ ತೋರಿಸಿದ್ದು ಹಾರ್ವರ್ಡ್‌ನ ಸನ್ನಿ ಶೀ ತಂಡ. ಅದನ್ನು ಓಟಿವರೆಗೆ ತಂದವರಲ್ಲಿ ನ್ಯೂರೋಸರ್ಜನ್ ಡೇನಿಯಲ್ ಓರಿಂಜರ್ ಹೆಸರು ಮುಖ್ಯ.

ನನಗೆ ತುಂಬಾ ಹಿಡಿಸಿದ್ದು ವೇಗ ಅಲ್ಲ, ಚೂರು ಹಾಳಾಗುವುದಿಲ್ಲ ಅನ್ನುವುದು. ಮೆದುಳಿನಲ್ಲಿ ನೀರು ಜಾಸ್ತಿ, ಹೆಪ್ಪುಗಟ್ಟಿಸಿದರೆ ಐಸ್ ಹರಳು ಬೆಳೆದು ಅಂಗಾಂಶ ಜರಡಿಯಂತೆ ತೂತು ತೂತಾಗುತ್ತದೆ. ಇಲ್ಲಿ ಆ ರಗಳೆ ಇಲ್ಲ. ನೋಡಿ ಮುಗಿದ ಮೇಲೆ ಅದೇ ಚೂರನ್ನು ಮಾಮೂಲಿ ಪರೀಕ್ಷೆಗೂ ಜೀನ್ ಪರೀಕ್ಷೆಗೂ ಕಳಿಸಬಹುದು. 2021ರ ಡಬ್ಲ್ಯುಎಚ್‌ಒ ವರ್ಗೀಕರಣದ ಪ್ರಕಾರ ಗ್ಲಯೋಮಾ ಅನ್ನುವ ಮೆದುಳಿನ ಗೆಡ್ಡೆಗೆ ಸರಿಯಾದ ಹೆಸರು ಕೊಡಲು ಐಡಿಎಚ್‌ನಂಥ ಜೀನ್ ಬದಲಾವಣೆ ನೋಡಲೇಬೇಕು. ಸೂಜಿಯಲ್ಲಿ ತೆಗೆದ ಬಯಾಪ್ಸಿ ಎಷ್ಟು ಸಣ್ಣದಿರುತ್ತದೆ ಅಂತ ನೋಡಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಎಐ ವಿಷಯ. 2020ರಲ್ಲಿ 278 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಈ ಚಿತ್ರ ನೋಡಿದ ಎಐ ಗೆಡ್ಡೆ ಯಾವುದು ಅಂತ 94.6% ಸರಿ ಹೇಳಿತು, ಮಾಮೂಲಿ ಸ್ಲೈಡ್ ನೋಡಿದ ಪ್ಯಾಥಾಲಜಿಸ್ಟರು 93.9%. ಎಐಗೆ ಬೇಕಾದ ಸಮಯ ಎರಡೂವರೆ ನಿಮಿಷಕ್ಕಿಂತ ಕಮ್ಮಿ. ಆದರೆ ಎಲ್ಲರೂ ಕುಣಿದಾಡಿದ ಆ ಶೇಕಡಾ ಲೆಕ್ಕಕ್ಕಿಂತ ನನಗೆ ಮುಖ್ಯ ಅನಿಸಿದ್ದು ಬೇರೆ: ಎಐ ತಪ್ಪಿದ ಕಡೆ ವೈದ್ಯರು ಸರಿ ಇದ್ದರು, ವೈದ್ಯರು ತಪ್ಪಿದ ಕಡೆ ಎಐ ಸರಿ ಇತ್ತು. ಅಂದರೆ ಒಬ್ಬರನ್ನು ಮನೆಗೆ ಕಳಿಸುವ ಮಾತೇ ಅಲ್ಲ, ಇಬ್ಬರೂ ಬೇಕು. 2024ರಲ್ಲಿ ಬಂದ ಫಾಸ್ಟ್‌ಗ್ಲಯೋಮಾ ಅನ್ನುವ ಎಐ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗೆಡ್ಡೆ ತೆಗೆದ ಜಾಗದ ಅಂಚಿನಲ್ಲಿ ಇನ್ನೂ ಗೆಡ್ಡೆ ಉಳಿದಿದೆಯಾ ಅಂತ 10 ಸೆಕೆಂಡಿನಲ್ಲಿ ಹೇಳುತ್ತದೆ. ಅಪಾಯದ ಉಳಿಕೆ ಅದರ ಕಣ್ಣು ತಪ್ಪಿದ್ದು 3.8%, ಮಾಮೂಲಿ ವಿಧಾನಗಳಲ್ಲಿ ಸುಮಾರು 25%. ಫ್ರೋಜನ್ ಸೆಕ್ಷನ್ ಅನ್ನು ಒಂದು ಆಪರೇಷನ್‌ನಲ್ಲಿ ಎಷ್ಟು ಸಲ ಕೇಳೋಕಾಗುತ್ತೆ ಹೇಳಿ? ಇದನ್ನಾದರೆ ಅಂಚಿನ ಸುತ್ತ ಬೇಕಾದಷ್ಟು ಕಡೆಯಿಂದ ಚೂರು ತೆಗೆದು ಕೇಳಬಹುದು. ನಿಜವಾದ ಲಾಭ ಇರುವುದು ಇಲ್ಲೇ.

ಈಗ ಈ ವಿಧಾನದ ಮಿತಿ. ಇದು ಮೆದುಳಿನೊಳಗೆ ಇಣುಕುವುದಿಲ್ಲ, ಹೊರಗೆ ತೆಗೆದ ಚೂರನ್ನು ಮಾತ್ರ ನೋಡುತ್ತದೆ. ಸರ್ಜನ್ ತಪ್ಪು ಜಾಗದಿಂದ ತೆಗೆದರೆ ತಪ್ಪು ಜಾಗದ ಬಗ್ಗೆ ಸರಿಯಾದ ಉತ್ತರ ಸಿಗುತ್ತದೆ, ಅಷ್ಟೇ. ರಕ್ತ ಮೆತ್ತಿದ, ಕಾಟರಿಯಲ್ಲಿ (ರಕ್ತ ನಿಲ್ಲಿಸಲು ಸುಡುವ ಉಪಕರಣ) ಸುಟ್ಟ ಚೂರಿನಲ್ಲಿ ಚಿತ್ರ ಕೆಡುತ್ತದೆ. ನ್ಯೂಕ್ಲಿಯಸ್ ಒಳಗಿನ ಸೂಕ್ಷ್ಮ ವಿವರವೂ ಒಳ್ಳೆಯ ಬಣ್ಣದ ಸ್ಲೈಡಿನಷ್ಟು ಚೆನ್ನಾಗಿ ಬರುವುದಿಲ್ಲ, ಹಳೆ ಕಣ್ಣಿಗೆ ಒಗ್ಗಲು ಸ್ವಲ್ಪ ಕಾಲ ಬೇಕು.

ನಮ್ಮೂರಿನ ಆಸ್ಪತ್ರೆಗಳಿಗೆ ಬೇಕಾ ಅಂತ ಸ್ನೇಹಿತರು ಕೇಳುತ್ತಾರೆ. ಭಾರತದಲ್ಲಿ ನ್ಯೂರೋಪ್ಯಾಥಾಲಜಿಯವರು ಎರಡು ಗಾಜಿನ ನಡುವೆ ಚೂರನ್ನು ಒತ್ತಿ, ಬೇಗ ಬಣ್ಣ ಹಾಕಿ ನೋಡುವ ಸ್ಕ್ವಾಶ್ ಸ್ಮಿಯರ್ ಬಳಸುತ್ತಾರೆ. ಖರ್ಚು ಏನೂ ಇಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ, ಕೈ ಪಳಗಿದವರು ನೋಡಿದರೆ ಉತ್ತರವೂ ಚೆನ್ನಾಗಿರುತ್ತದೆ. ಗೆಡ್ಡೆ ಯಾವುದು ಅಂತ ತಿಳಿದರೆ ಸಾಕು ಅನ್ನುವ ಕಡೆ ಈ ಯಂತ್ರಕ್ಕೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ದಿನವೂ ಗ್ಲಯೋಮಾ ತೆಗೆಯುವ, ಅಂಚಿನ ತನಕ ಹೋಗಲೇಬೇಕಾದ ದೊಡ್ಡ ಕೇಂದ್ರವಾದರೆ ಖಂಡಿತ ನೋಡಿ. ಓಟಿ ಹತ್ತಿರ ಪ್ಯಾಥಾಲಜಿಸ್ಟ್ ಇಲ್ಲದ ಕಡೆಗೂ ಆಗುತ್ತದೆ, ಚಿತ್ರವನ್ನು ದೂರದಲ್ಲಿ ಕುಳಿತವರು ತೆರೆದು ನೋಡಬಹುದಲ್ಲ. ಡೆಮೊ ಕೇಳುವಾಗ ಮಾತ್ರ ಕಂಪನಿಯವರು ತಂದ ಚೆಂದದ ಚಿತ್ರ ನೋಡಿ ತಲೆಯಾಡಿಸಬೇಡಿ. ನಿಮ್ಮದೇ ಓಟಿಯ ರಕ್ತ ಮೆತ್ತಿದ ಚೂರನ್ನು ಇಡಿಸಿ ನೋಡಿ.