“ಹತ್ತು ಕಿಲೋ ಹಿಡಿಯುತ್ತದೆ” ಎಂದವನ ಹಲಗೆಗೆ ಕತ್ತಿ ಅಂಟಿಸಬೇಡಿ

ಮುಂಬೈ, ಥಾಣೆ, ಡೊಂಬಿವಲಿ ಕಡೆಯ ಕನ್ನಡಿಗರಲ್ಲಿ ಹಳೆಯ ಕತ್ತಿ, ಚಾಕು ಕೂಡಿಸಿಟ್ಟುಕೊಂಡವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. “ಕತ್ತಿಗಳನ್ನು ಗೋಡೆಯ ಮೇಲಿಡಲು ಮೊಳೆ ಬೇಡ, ಕೊಕ್ಕೆ ಬೇಡ, ಒಳಗೆ ಅಯಸ್ಕಾಂತ ಕೂರಿಸಿದ ಮರದ ಹಲಗೆ ಮಾಡಿಕೊಡುತ್ತೇನೆ” ಎಂದು ಒಬ್ಬ ಮನುಷ್ಯ ನಮ್ಮವರ ನಡುವೆಯೇ ತಿರುಗುತ್ತಿದ್ದಾನೆ. ಊರ ಕಡೆಯವನು. ಮಾತು ಬಹಳ ಸಿಹಿ. ಹೆಸರು ಬರೆಯುವುದಿಲ್ಲ, ಲಕ್ಷಣ ಬರೆಯುತ್ತೇನೆ, ಗುರುತು ಹಿಡಿಯಿರಿ.

ನನ್ನ ಬಳಿ ಇರುವುದು ದೊಡ್ಡ ಸಂಗ್ರಹವೇನೂ ಅಲ್ಲ. ಕೊಡಗಿನ ಒಂದು ಪೀಚೆಕತ್ತಿ, ನೇಪಾಳದ ಖುಕುರಿ, ಒಂದು ರಾಮಪುರಿ ಚಾಕು, ಅಜ್ಜಿಯ ಕಾಲದ ಅಡಕತ್ತರಿ, ಇಂಥವು. ಬೆಲೆಗಿಂತ ಅವುಗಳ ನೆನಪು ದೊಡ್ಡದು. ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ ಈತ ಥಾಣೆಯ ತನ್ನ ವರ್ಕ್‌ಶಾಪಿಗೆ ಕರೆದ. ಅಲ್ಲಿ ನಡೆದದ್ದೇ ನಾಟಕ. ಹೊಳೆಯುವ ಒಂದು ಬಿಲ್ಲೆಯನ್ನು ದಪ್ಪ ಉಕ್ಕಿನ ತುಂಡಿಗೆ ಅಂಟಿಸಿ “ಕೀಳಿ ಸರ್, ನೋಡೋಣ” ಎಂದ. ನಾನು ಎಳೆದೆ, ಬರಲಿಲ್ಲ. “ನಿಯೊಡಿಮಿಯಂ, ಎನ್52, ಒಂದೊಂದೂ ಹತ್ತು ಕಿಲೋ ಹಿಡಿಯುತ್ತದೆ, ಜಪಾನ್ ತಂತ್ರಜ್ಞಾನ” ಎಂದ. ಈ ಅಯಸ್ಕಾಂತವನ್ನು 1980ರ ದಶಕದಲ್ಲಿ ಜಪಾನಿನ ಮಸಾತೊ ಸಗಾವ ರೂಪಿಸಿದ್ದು ನಿಜವೇ. ಆದರೆ ನನ್ನ ಮನೆಗೆ ಬಂದ ಹಲಗೆಗೂ ಆ ಪುಣ್ಯಾತ್ಮರಿಗೂ ಯಾವ ಸಂಬಂಧವೂ ಇರಲಿಲ್ಲ.

8,500 ರೂಪಾಯಿ. ಅರ್ಧ ಮುಂಗಡ, ಉಳಿದದ್ದು ಹಲಗೆ ಬಂದ ದಿನ. ಬಿಲ್ ಕೇಳಿದರೆ “ಜಿಎಸ್‌ಟಿ ಹಾಕಿದರೆ ನಿಮಗೇ ಹೊರೆ, ನಾವು ನಮ್ಮವರಲ್ಲವೇ?” ಎಂದು ಕಚ್ಚಾ ಚೀಟಿ ಕೈಗಿಟ್ಟ. ತಾನೇ ಬಂದು ಹಾಲ್‌ನಲ್ಲಿ ದಿವಾನದ ಮೇಲಿನ ಗೋಡೆಯನ್ನು ಆರಿಸಿದ. “ಅಲ್ಲಿ ಬೇಡವೇನೋ” ಎಂದದ್ದಕ್ಕೆ “ಮಾರಾಯರೇ, ಹತ್ತು ಕಿಲೋ! ನೀವೇ ನೇತಾಡಿದರೂ ಬೀಳುವುದಿಲ್ಲ” ಎಂದು ನಕ್ಕ.

ಗಣೇಶನ ಹಬ್ಬಕ್ಕೆ ನೆಂಟರು ಬಂದಿದ್ದರು. ಭಾವ ದಿವಾನದಿಂದ ಎದ್ದು ಕಾಫಿ ಲೋಟ ಇಡಲು ಒಳಗೆ ಹೋದರು. ಖುಕುರಿ ಜಾರಿತು. ಜಾರುವಾಗ ಪೀಚೆಕತ್ತಿಯನ್ನೂ ಎಳೆದುಕೊಂಡು ಬಂತು. ಒಂದು ದಿಂಬನ್ನು ಸೀಳಿತು, ಇನ್ನೊಂದು ನೆಲಕ್ಕೆ ಬಡಿದು ತುದಿ ಮುರಿಯಿತು. ಭಾವ ಹೊರಗೆ ಬಂದು ನೋಡಿ “ಇನ್ನು ಮೇಲೆ ನಿಮ್ಮ ಮನೆಗೆ ಹೆಲ್ಮೆಟ್ ಹಾಕಿಕೊಂಡೇ ಬರಬೇಕು” ಎಂದರು. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಫೋನ್ ಮಾಡಿದೆ. ಮೊದಲ ಉತ್ತರ: “ರೈಲು ಹಳಿಯ ಪಕ್ಕದ ಮನೆಯಲ್ಲವೇ ಸರ್, ಅದುರಿ ಬಿದ್ದಿರಬೇಕು.” ಹತ್ತು ಕಿಲೋ ಹಿಡಿಯುವ ಅಯಸ್ಕಾಂತಕ್ಕೆ ಲೋಕಲ್ ರೈಲಿನ ಭಯ! ಎರಡನೆಯದು: “ಮಳೆಗಾಲದಲ್ಲಿ ಅಯಸ್ಕಾಂತ ಸ್ವಲ್ಪ ಮೆತ್ತಗಾಗುತ್ತದೆ.” ಮೂರನೆಯದನ್ನು ಕೇಳಿ ಮೈ ಉರಿಯಿತು: “ನಿಮ್ಮ ಕತ್ತಿಯ ಕಬ್ಬಿಣವೇ ಕಳಪೆ.” ತಲೆಮಾರು ಕಂಡ ಪೀಚೆಕತ್ತಿ ಕಳಪೆಯಂತೆ! ಹಳೆಯ ಇಂಗಾಲದ ಉಕ್ಕನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತವೂ ಕಚ್ಚಿ ಹಿಡಿಯುತ್ತದೆ. ಹಿಡಿಯದೆ ಇರುವುದು ಹಿತ್ತಾಳೆ, ಬೆಳ್ಳಿ ಮತ್ತು 304 ದರ್ಜೆಯಂತಹ ಸ್ಟೇನ್‌ಲೆಸ್ ಸ್ಟೀಲ್.

ಅಂದು ರಾತ್ರಿ ಹಲಗೆಯ ಹಿಂಬದಿಯ ಸ್ಕ್ರೂ ಬಿಚ್ಚಿದೆ. ಒಳಗೆ ಹೊಳೆಯುವ ಬಿಲ್ಲೆ ಒಂದೂ ಇಲ್ಲ. ಮಸಿಬಣ್ಣದ ಬಿಲ್ಲೆಗಳು, ಬಿಸಿ ಗೋಂದಿನ ಉಂಡೆಗಳಲ್ಲಿ ಮುಳುಗಿ ಕುಳಿತಿದ್ದವು. ಅರ್ಧ ಗೋಂದು ಆಗಲೇ ಎದ್ದಿತ್ತು. ನಾಗದೇವಿ ಬೀದಿಯ ಅಯಸ್ಕಾಂತದ ವ್ಯಾಪಾರಿಯೊಬ್ಬರಿಗೆ ಒಯ್ದು ತೋರಿಸಿದೆ. ಕೈಗೆ ತೆಗೆದುಕೊಳ್ಳುವ ಮೊದಲೇ “ಫೆರೈಟ್, ಸ್ಪೀಕರಿನ ಮಾಲು” ಎಂದರು. ಅಂದರೆ ಸ್ಪೀಕರುಗಳಲ್ಲಿ ಹಾಕುವ ಅಗ್ಗದ ಅಯಸ್ಕಾಂತ. ಎನ್52ರ 52 ಎಂದರೆ ಶಕ್ತಿಯ ಅಳತೆ. ಅದೇ ಅಳತೆಯಲ್ಲಿ ಫೆರೈಟ್ ನಾಲ್ಕರ ಆಸುಪಾಸು. ನಾನು ಎಳೆದು ನೋಡಿದ ಬಿಲ್ಲೆಯೇ ಬೇರೆ, ನನ್ನ ಹಲಗೆಯೊಳಗೆ ಕೂರಿಸಿದ ಬಿಲ್ಲೆಯೇ ಬೇರೆ. ಎಳೆದು ನೋಡಿದ್ದು ಒಂದು, ಕೊಟ್ಟದ್ದು ಇನ್ನೊಂದು! ಮಳೆಗಾಲದ ನೆಪವೂ ಸುಳ್ಳೇ. ತುಕ್ಕು ಹಿಡಿಯುವುದು ಲೇಪ ಕಿತ್ತುಹೋದ ನಿಯೊಡಿಮಿಯಂ. ಫೆರೈಟ್ ಎಂದರೆ ಮೊದಲೇ ಕಬ್ಬಿಣದ ಆಕ್ಸೈಡು, ಅದಕ್ಕೆ ಇನ್ನು ಯಾವ ತುಕ್ಕು?

ಅದೇ ವ್ಯಾಪಾರಿ ಇನ್ನೊಂದು ಗುಟ್ಟು ಬಿಡಿಸಿದರು. ಆ “ಹತ್ತು ಕಿಲೋ” ಎನ್ನುವುದು ದಪ್ಪ ಉಕ್ಕಿನಿಂದ ನೇರವಾಗಿ ಎಳೆದು ಕೀಳುವಾಗಿನ ಲೆಕ್ಕ. ಗೋಡೆಯ ಮೇಲಿನ ಕತ್ತಿಯನ್ನು ಯಾರೂ ನೇರವಾಗಿ ಎಳೆಯುವುದಿಲ್ಲ, ಅದು ಕೆಳಕ್ಕೆ ಜಾರುತ್ತದೆ. ಜಾರುವಿಕೆಯ ವಿರುದ್ಧ ಅಸಲಿ ಮಾಲಿನಲ್ಲಿಯೂ ಐದರಲ್ಲಿ ಒಂದು ಪಾಲಿನಷ್ಟು ಬಲವೇ ಉಳಿಯುವುದು. ನಡುವೆ ಕೆಲವೇ ಮಿಲಿಮೀಟರ್ ಮರ ಬಂದರೂ ಬಲ ಕುಸಿಯುತ್ತದೆ. ಅಲಗು ತೆಳುವಾದರೆ ಇನ್ನೂ ಕಡಿಮೆ. ಹಿಡಿಯ ಭಾರ ಒಂದು ಕಡೆ ಜಗ್ಗಿದರೆ ಕತ್ತಿ ತಿರುಗಿಕೊಂಡು ಬೀಳುತ್ತದೆ. ಇದೆಲ್ಲ ಅವನಿಗೆ ಗೊತ್ತಿಲ್ಲವೆಂದು ನಂಬಬೇಕೇ? ಕಸುಬೇ ಅದು!

ಬಿಚ್ಚಿದ ಹಲಗೆಯ ಫೋಟೋ ಕಳಿಸಿದೆ. ನೋಡಿದ, ಎರಡು ದಿನ ಸದ್ದಿಲ್ಲ. ಆಮೇಲೆ ಬಂದ ಉತ್ತರವನ್ನು ಇದ್ದ ಹಾಗೆಯೇ ಕೊಡುತ್ತೇನೆ: “ಹಲಗೆಯನ್ನು ನೀವೇ ಬಿಚ್ಚಿದ್ದರಿಂದ ವಾರಂಟಿ ಹೋಯಿತು ಸರ್. ನಮ್ಮವರೇ ನಮ್ಮ ಮೇಲೆ ಅನುಮಾನ ಪಟ್ಟರೆ ಹೇಗೆ?” ವಾರಂಟಿ ಎಂಬ ಶಬ್ದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಅನುಮಾನವಂತೆ!

ಮಾಡಿಸಲೇಬೇಕೆಂದರೆ ಹಲಗೆ ಮುಚ್ಚುವ ಮೊದಲು ಒಳಗಿನ ಬಿಲ್ಲೆ ಕಣ್ಣಾರೆ ನೋಡಿ. ಬಿಸಿ ಗೋಂದಲ್ಲ, ಗಟ್ಟಿಯಾಗಿ ಹಿಡಿಯುವ ಎಪಾಕ್ಸಿ ಅಂಟು ಹಾಕಿಸಿ. ನಿಮ್ಮದೇ ಕತ್ತಿಯನ್ನು ನಿಲ್ಲಿಸಿದ ಹಲಗೆಯ ಮೇಲೆ ಒಂದು ರಾತ್ರಿ ಬಿಟ್ಟು ನೋಡಿ, ಕೆಳಗೆ ಹಾಸಿಗೆ ಹಾಸಿರಲಿ. ಹಿಡಿಯ ಕೆಳಗೆ ಮರದ ಚಿಕ್ಕ ಅಂಚು ಕೇಳಿ. “ಚೆನ್ನಾಗಿ ಕಾಣುವುದಿಲ್ಲ” ಎಂದರೆ ಎದ್ದು ಬನ್ನಿ. ಮಕ್ಕಳು ಓಡಾಡುವ, ಜನ ಕೂರುವ ಜಾಗದ ಮೇಲೆ ಅಂತೂ ಬೇಡವೇ ಬೇಡ. ಪಕ್ಕಾ ಬಿಲ್ ಕೊಡದವನಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ, ಅವನು ನಿಮ್ಮ ಓಣಿಯವನೇ ಆಗಿರಲಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ಕಚ್ಚಾ ಚೀಟಿಯನ್ನೂ ಅವನ ಸಂದೇಶಗಳನ್ನೂ ಜೋಡಿಸಿ ಇಟ್ಟಿದ್ದೇನೆ.

ನಿನ್ನೆ ಮತ್ತೆ ಅವನದೇ ಸಂದೇಶ. “ಹೊಸ ಮಾದರಿ ಬಂದಿದೆ ಸರ್, ಡಬಲ್ ಪವರ್, ನಿಮಗೆ ವಿಶೇಷ ರಿಯಾಯಿತಿ.” ನನ್ನ 8,500 ರೂಪಾಯಿಯ ಸುದ್ದಿಯೇ ಇಲ್ಲ.