ಕುರ್ಸ್ಕ್ ಕದನಕ್ಕೆ ರೆಡಿಮೇಡ್ ಟ್ಯಾಂಕು: ದೊಡ್ಡದೋ, ಚಿಕ್ಕದೋ?

ಗೆಳೆಯನೂ ನಾನೂ ಎರಡು ವರ್ಷದಿಂದ ಭಾನುವಾರ ಮಧ್ಯಾಹ್ನ ನಮ್ಮನೆ ಡೈನಿಂಗ್ ಟೇಬಲ್ ಮೇಲೆ ಆಟಿಕೆ ಟ್ಯಾಂಕುಗಳನ್ನಿಟ್ಟು ಎರಡನೇ ಮಹಾಯುದ್ಧದ ಕುರ್ಸ್ಕ್ ಕದನ ಆಡುತ್ತಿದ್ದೇವೆ. 1943ರ ಜುಲೈ, ಆ ಕಡೆ ಜರ್ಮನರ ಟೈಗರ್ ಟ್ಯಾಂಕು, ಈ ಕಡೆ ಸೋವಿಯತ್ ಟಿ-34. ಹಸಿರು ಬೆಡ್‌ಶೀಟ್ ಹಾಸಿ ಅಡಿಗೆ ನಾಲ್ಕು ಪುಸ್ತಕ ತೂರಿಸಿದರೆ ಗುಡ್ಡ ರೆಡಿ. ಅಂಟು, ಬಣ್ಣ, ಕುಂಚ ಹಿಡಿದು ಕೂರುವ ತಾಳ್ಮೆ ಇಬ್ಬರಿಗೂ ಇಲ್ಲ. ಡಬ್ಬಿಯಿಂದ ತೆಗೆದರೆ ಸೀದಾ ಯುದ್ಧಕ್ಕಿಳಿಯಬೇಕು. ಅಂಥವನ್ನೇ ಹುಡುಕಿ ನಾಲ್ಕು ಬಗೆ ನೋಡಿದ್ದಾಯಿತು.

ಮೊದಲು ಬಂದದ್ದು 1/72 ಅಳತೆಯ, ಅಂದರೆ ನಿಜದ ಟ್ಯಾಂಕಿನ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಡೈಕಾಸ್ಟ್ (ಎರಕದ ಲೋಹದ) ಟೈಗರ್. ಕೈಗೆತ್ತಿಕೊಂಡರೆ ಆ ತೂಕವೇ ಒಂದು ಖುಷಿ. ಯಾರಾದರೂ ಬೆಡ್‌ಶೀಟ್ ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಪೀಠಕ್ಕೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಬಿಚ್ಚಿದರೆ ಹೊಟ್ಟೆಯಡಿ ಎರಡು ತೂತು ಉಳಿಯುತ್ತವೆ. ಅಲ್ಲಿ ಬಗ್ಗಿ ನೋಡುವವರು ಯಾರು? ಹತ್ತಾರು ಆಟ ಆಡಿದ ಮೇಲೆ ಅಂಚಿನ ಬಣ್ಣ ಬೆರಳಿಗೆ ಸವೆಯಿತು, ಅದೂ ಚೆಂದವೇ. ಆದರೆ ನನ್ನ ಟೈಗರಿನ ಮೈತುಂಬ ಬಾಚಣಿಗೆ ಎಳೆದಂಥ ಗೀರುಗಳಿವೆ. ಆಯಸ್ಕಾಂತದ ಸಿಡಿಗುಂಡು ಅಂಟದಿರಲೆಂದು ಬಳಿಯುತ್ತಿದ್ದ ಝಿಮ್ಮರಿಟ್ ಲೇಪ ಅದು. ಜರ್ಮನರು ಅದನ್ನು ಬಳಿಯತೊಡಗಿದ್ದು ಕುರ್ಸ್ಕ್ ದಾಳಿ ನಿಂತುಹೋದ ಮೇಲೆ! ಗೆಳೆಯ ಮೊದಲ ದಿನವೇ ಹಿಡಿದ.

ಎರಡನೆಯದು ಅದೇ 1/72ರ, ಕಾರ್ಖಾನೆಯಲ್ಲೇ ಜೋಡಿಸಿ ಬಣ್ಣ ಬಳಿದ ಪ್ಲಾಸ್ಟಿಕ್. ಹಿಡಿಕೆ, ಕೊಕ್ಕೆ, ಚೈನಿನ ಹಲ್ಲು ಎಲ್ಲ ಡೈಕಾಸ್ಟಿಗಿಂತ ಚೂಪು. ಹಗುರ ಮಾತ್ರ ವಿಪರೀತ. ನನ್ನ ಷರ್ಟಿನ ತೋಳು ತಾಗಿ ಒಂದರ ನಳಿಗೆ ಲಟಕ್ಕಂತ ಮುರಿಯಿತು. ಮತ್ತೆ ಅಂಟಿಸಿದರೆ ಆಕಾಶಕ್ಕೆ ಗುರಿಯಿಟ್ಟ ಹಾಗಿದೆ. ಇನ್ನೊಂದು ಎಡವಟ್ಟು ನನ್ನದೇ. ಮೊದಲು ತರಿಸಿದ್ದು ಟಿ-34/85, ಅದು ರಣರಂಗಕ್ಕೆ ಬಂದದ್ದು 1944ರಲ್ಲಿ. ಕುರ್ಸ್ಕ್‌ಗೆ ಬೇಕಾದದ್ದು 76 ಮಿ.ಮೀ. ಫಿರಂಗಿಯದು. ಗುರುತು ಸುಲಭ: ಟರೆಟ್ಟಿನ (ಫಿರಂಗಿಯಿರುವ ತಿರುಗು ಗೋಪುರದ) ಮೇಲೆ ಎರಡು ದುಂಡನೆ ಮುಚ್ಚಳ, ಎರಡೂ ತೆರೆದರೆ ಇಲಿಕಿವಿ. ಜರ್ಮನ್ ಸೈನಿಕರು ಅದನ್ನು ಮಿಕ್ಕಿ ಮೌಸ್ ಅಂತಲೇ ಕರೆಯುತ್ತಿದ್ದರಂತೆ.

ಅಳತೆಯ ತಕರಾರು ಶುರುವಾದದ್ದು ಟಿ-34ರ ಎಣಿಕೆಯಿಂದ. ಟೈಗರಿನ ಮುಂಭಾಗದ ಉಕ್ಕು 100 ಮಿ.ಮೀ. ದಪ್ಪ, 76ರ ಗುಂಡಿಗೆ ಅದು ಜಗ್ಗದು. ಟೈಗರಿನ 88 ಮಿ.ಮೀ. ಫಿರಂಗಿ ಮಾತ್ರ ಎರಡು ಕಿಲೋಮೀಟರ್ ದೂರದಿಂದಲೇ ಹೊಡೆದುರುಳಿಸುತ್ತದೆ. ಹಾಗಾಗಿ ಟಿ-34ಗಳು ಗುಂಪಾಗಿ ನುಗ್ಗಬೇಕು, ಅರ್ಧ ಸತ್ತರೂ ಉಳಿದವು ಪಕ್ಕಕ್ಕೆ ಹೋಗಿ ಹೊಡೆಯಬೇಕು. ಒಂದು ಟೈಗರಿಗೆ ಕನಿಷ್ಠ ಆರು ಬೇಡವೇ? ಎರಡು ಟೈಗರಿಗೆ ಹನ್ನೆರಡು. ನಮ್ಮ ಮೇಜು ಆರಡಿ ಉದ್ದ, ಮೂರಡಿ ಅಗಲ. 1/72ರಲ್ಲಿ ಒಂದೊಂದು ಟಿ-34 ನಾಲ್ಕು ಸೆಂ.ಮೀ.ಗಿಂತ ಜಾಸ್ತಿ ಅಗಲ, ನಳಿಗೆ ಸೇರಿ ಒಂಬತ್ತು ಸೆಂ.ಮೀ. ಉದ್ದ. ಹನ್ನೆರಡನ್ನೂ ಸಾಲಾಗಿ ಇಟ್ಟೆ. ಗೆಳೆಯ ನೋಡಿ, "ಏನೋ ಇದು, ಮಾಲ್ ಪಾರ್ಕಿಂಗಾ?" ಅಂದ.

ಲೆಕ್ಕವೂ ಅವನ ಕಡೆಗೇ. ಎರಡು ಕಿ.ಮೀ. ಹೊಡೆತ ಮೇಜಿನಲ್ಲಿ ಹಿಡಿಸಲೆಂದು ನಾವು ಒಂದು ಸೆಂ.ಮೀ.ಗೆ 20 ಮೀಟರ್ ಇಟ್ಟುಕೊಂಡಿದ್ದೇವೆ. ಆ ಲೆಕ್ಕದಲ್ಲಿ ನಮ್ಮ ಒಂದು ಟಿ-34 180 ಮೀಟರ್ ಉದ್ದ!

ನಡುವೆ ಆಸ್ಟ್ರಿಯಾದ ರೋಕೊ ಮಿನಿಟ್ಯಾಂಕುಗಳನ್ನೂ ನೋಡಿದೆ. 1/87, ಅಂದರೆ ಎಚ್‌ಒ ಆಟಿಕೆ ರೈಲಿನ ಅಳತೆ, ಆ ರೈಲಿನ ಮನೆ, ಮರ ಎಲ್ಲ ಹೊಂದುತ್ತವೆ. ಆದರೆ ಮೈಯೆಲ್ಲ ಒಂದೇ ಹಸಿರು ಪ್ಲಾಸ್ಟಿಕ್. 1943ರ ಟೈಗರ್ ಕಡು ಹಳದಿ ಇರಬೇಕು, ಅಂದರೆ ಮತ್ತೆ ಕುಂಚ. ಬಿಟ್ಟೆ.

ಕೊನೆಗೆ ನಿಂತದ್ದು 1/144ರಲ್ಲಿ. ಜಪಾನಿನ ಟಕಾರಾ ಕಂಪನಿ ಕೈಯೋಡೋ ಸಂಸ್ಥೆಯ ಶಿಲ್ಪಿಗಳಿಂದ ಮಾಡಿಸಿದ ವರ್ಲ್ಡ್ ಟ್ಯಾಂಕ್ ಮ್ಯೂಸಿಯಂ ಸರಣಿ ಈ ಅಳತೆಯಲ್ಲಿ ಹೆಸರುವಾಸಿ. ಡಬ್ಬಿ ತೆರೆಯುವವರೆಗೂ ಒಳಗೆ ಯಾವ ಟ್ಯಾಂಕು ಅಂತ ಗೊತ್ತಾಗದ ಮಾರಾಟ; ಅದಕ್ಕೇ ನಾನು ತೆರೆದ ಸೆಕೆಂಡ್ ಹ್ಯಾಂಡ್ ಮಾಲನ್ನೇ ಆರಿಸಿಕೊಂಡೆ. ಟೈಗರ್ ಎರಡೂವರೆ ಸೆಂ.ಮೀ. ಅಗಲ, ಹೆಬ್ಬೆರಳಿನ ಮೇಲೆ ಕೂರುತ್ತದೆ. ಅಷ್ಟರಲ್ಲೇ ಮಾಸಿದ ಬಣ್ಣ, ಮಣ್ಣಿನ ಕಲೆ! ಹನ್ನೆರಡು ಟಿ-34 ಹರಡಿದರೂ ನಡುವೆ ಬಯಲು ಕಾಣುತ್ತದೆ, ಪಕ್ಕಕ್ಕೆ ಸುತ್ತಿ ಬರುವುದಕ್ಕೆ ಅರ್ಥ ಬರುತ್ತದೆ. ಕೊರತೆ ಒಂದೇ, ಕಾಲಾಳು. 1/72ಕ್ಕೆ ಸೈನಿಕರ ಡಬ್ಬಿಗಳು ಬೇಕಾದಷ್ಟಿವೆ, ಇದಕ್ಕೆ ಸಿಗುವುದೇ ಅಪರೂಪ. ಸದ್ಯಕ್ಕೆ ಸಾಸಿವೆ ಅಂಟಿಸಿದ ರಟ್ಟಿನ ತುಂಡುಗಳೇ ನಮ್ಮ ಪದಾತಿದಳ.

ದುಡ್ಡಿನ ಮಾತೂ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಒಂದನ್ನು ಶೋಕೇಸಿಗೆ ತರಿಸುವವರು ಹೇಗೋ ತಡೆದುಕೊಂಡಾರು. ಹನ್ನೆರಡು ಬೇಕಾದವನು ಬೆಲೆ ಕಡಿಮೆಯಿರುವ ಚಿಕ್ಕದಕ್ಕೇ ಇಳಿಯಬೇಕು. ಡೈಕಾಸ್ಟ್ ಟೈಗರ್ ಈಗ ಟಿವಿ ಪಕ್ಕ ಕೂತಿದೆ. ಒಂದೇ ಒಂದು ಕೊಳ್ಳುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ, ಗೀರಿಲ್ಲದ್ದನ್ನು ನೋಡಿ ತಗೊಳ್ಳಿ ಅಷ್ಟೆ.

ನನಗಿನ್ನು ಬೇಕಾದದ್ದು ಜರ್ಮನರ ಇನ್ನೊಂದು ಟ್ಯಾಂಕು, 1/144ರ ಪ್ಯಾಂಜರ್ 4 ಎರಡು, ಪಕ್ಕೆಗೆ ರಕ್ಷಣಾ ತಗಡು ಇರುವಂಥವು. ತಗಡಿಲ್ಲದ್ದು ತಂದರೆ ಗೆಳೆಯ ಮತ್ತೆ ಹಿಡಿಯುತ್ತಾನೆ.