ಒಂದೇ ಮನೆ, ಎರಡು ಸ್ಕೂಲು: ಮಕ್ಕಳಿಗೆ ನಿಜವಾಗ್ಲೂ ಏನು ಬಂತು?

ಮಗಳನ್ನ ಪ್ರೈವೇಟ್ ಇಂಗ್ಲಿಷ್ ಮೀಡಿಯಂಗೆ ಹಾಕಿದ್ವಿ, ಮಗನ್ನ ಸರ್ಕಾರಿ ಕನ್ನಡ ಶಾಲೆಗೆ. ಇಬ್ರನ್ನೂ ಅವರವರು ಮೂರನೇ ಕ್ಲಾಸ್ ಮುಗಿಸಿದ ರಜೇಲಿ ಕೂರಿಸ್ಕೊಂಡು ಒಂದೇ ಥರ ಕೇಳಿ ನೋಡ್ದೆ.

ಮಗಳು ಇಂಗ್ಲಿಷ್ ಪಾಠ ಎಲ್ಲೂ ನಿಲ್ಲಿಸ್ದೆ ಪಟಪಟ ಓದಿದ್ಲು, ಖುಷಿ ಆಯ್ತು, ಆದ್ರೆ ಕಥೇಲಿ ಹುಡುಗ ಯಾಕೆ ವಾಪಸ್ ಬಂದ ಅಂತ ಕೇಳಿದ್ರೆ ನನ್ನ ಮುಖ ನೋಡಿದ್ಲು, ಆಮೇಲೆ ನೋಟ್ಸಲ್ಲಿ ಬರೆಸಿದ್ದ ಯಾವುದೋ ಉತ್ತರ ಒಪ್ಪಿಸಿದ್ಲು. ಮಗ ಕನ್ನಡ ಪಾಠನ ಒತ್ತಕ್ಷರ ಬಂದಲ್ಲೆಲ್ಲ ತಡವರಿಸ್ಕೊಂಡೇ ಓದಿದ, ಮುಗಿಸಿ ಇಡೀ ಕಥೆನ ತನ್ನ ಮಾತಲ್ಲೇ ಹೇಳ್ದ. ಇದು ನಲಿ-ಕಲಿ, ಅಂದ್ರೆ ಸರ್ಕಾರಿ ಶಾಲೇಲಿ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟ-ಚಟುವಟಿಕೆ ಮೂಲಕ ಕಲಿಸೋ ಪದ್ಧತಿಯ ಗುಣ ಅನ್ಸುತ್ತೆ. ಅಲ್ಲಿ ಅ ಆ ಇ ಈ ಇಂದ ಶುರು ಮಾಡಲ್ಲ, ರ ಗ ಸ ದ ಅ ಅಂತ ಐದು ಅಕ್ಷರ ಬಂದ ಕೂಡ್ಲೇ ಅರಸ, ಅಗಸ, ಸರ ಅಂತ ಮಗು ಪದಾನೇ ಓದುತ್ತೆ.

ಲೆಕ್ಕದಲ್ಲಿ 52ರಲ್ಲಿ 27 ಕಳಿ ಅಂದೆ. ಮಗಳು ತಕ್ಷಣ 25 ಅಂತ ಬರೆದ್ಲು, ಐದರಿಂದ ಒಂದು ಯಾಕೆ ತಗೊಂಡೆ ಅಂದ್ರೆ 'ಮಿಸ್ ಹಾಗೇ ಹೇಳ್ಕೊಟ್ಟಿದ್ದು' ಅಂದ್ಲು. ಮಗ ಹತ್ತತ್ತು ಕಡ್ಡಿ ಕಟ್ಟು ಇಟ್ಕೊಂಡು, ಒಂದು ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚಿ, ಎಣಿಸಿ 25 ಅಂದ. ಆದ್ರೆ ಅದೇ ಲೆಕ್ಕ ಪುಸ್ತಕದಲ್ಲಿ ಮಾಡು ಅಂದ್ರೆ 35 ಬರೆದ! ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಎರಡು ಕಳ್ದಿದ್ದ. ಬರೆಸಿ ಅಭ್ಯಾಸನೇ ಮಾಡ್ಸಿಲ್ಲ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ರೇ ಟೀಚರ್, ಐದು ಕ್ಲಾಸಿಗೆ ಇಬ್ರು, ಅದ್ರಲ್ಲಿ ಒಬ್ರು ಎಲೆಕ್ಷನ್ ಡ್ಯೂಟಿಗೆ ಹೋದ್ರೆ ಉಳಿದೋರು ಯಾರ ಪುಸ್ತಕ ಅಂತ ತಿದ್ದುತ್ತಾರೆ ಹೇಳಿ.

ಇಂಗ್ಲಿಷಲ್ಲಿ ಮಗಳೇ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ.

ಆದ್ರೆ ಮಗಳ ಹೋಮ್‌ವರ್ಕಿಗೆ ದಿನಾ ಒಂದು ಗಂಟೆ ನಾನೇ ಕೂತಿದೀನಿ, ಅದನ್ನ ಸ್ಕೂಲಿನ ಖಾತೆಗೆ ಹಾಕೋಕಾಗಲ್ಲ. ಆಂಧ್ರದ ಹಳ್ಳಿಗಳಲ್ಲಿ ಲಾಟರಿ ಎತ್ತಿ ಸರ್ಕಾರಿ ಶಾಲೆ ಮಕ್ಕಳನ್ನ ಪ್ರೈವೇಟಿಗೆ ಕಳಿಸಿ ನಾಲ್ಕು ವರ್ಷ ನೋಡಿದ್ರು, 2015ರಲ್ಲಿ ಅದರ ವರದಿ ಬಂತು. ತೆಲುಗು, ಲೆಕ್ಕ ಎರಡ್ರಲ್ಲೂ ವ್ಯತ್ಯಾಸ ಕಾಣ್ಲಿಲ್ಲ, ಹಿಂದೀಲಿ ಮಾತ್ರ ಪ್ರೈವೇಟಿಗೆ ಹೋದೋರು ಮುಂದಿದ್ರು. ಅದೂ ಪ್ರೈವೇಟಲ್ಲಿ ಒಂದು ಮಗುಗೆ ಆಗ್ತಿದ್ದ ಖರ್ಚು ಸರ್ಕಾರಿ ಶಾಲೆದಕ್ಕಿಂತ ತುಂಬಾ ಕಮ್ಮಿ, ಇದನ್ನೂ ಮುಚ್ಚಿಡಬಾರ್ದು.

ನಾನಂತೂ ಮಗನ್ನ ಅಲ್ಲಿಂದ ಬಿಡಿಸಲ್ಲ. ಸಂಜೆ ಪುಸ್ತಕದಲ್ಲಿ ಹತ್ತು ಲೆಕ್ಕ ಬರೆಸ್ತೀನಿ, ಮತ್ತೆ ಎಸ್‌ಡಿಎಂಸಿ (ಪೋಷಕರಿರೋ ಶಾಲಾ ಸಮಿತಿ) ಮೀಟಿಂಗಲ್ಲಿ ಇನ್ನೊಬ್ರು ಟೀಚರ್ ಬೇಕು ಅಂತ ಪ್ರತಿ ಸಲನೂ ಕೇಳ್ತೀನಿ.